ಒಂಬತ್ತನೇ ನರ್ಸು

ಹೊಸಹಳ್ಳಿ ಹೋಬಳಿಯಲ್ಲಿ ಮದುವೆಯಾದ ಹುಡುಗಿಗೆ ಮುಟ್ಟು ನಿಂತಿತೆಂದರೆ ಮೊದಲು ಕರೆದುಕೊಂಡು ಹೋಗುತ್ತಿದ್ದುದು ಆಸ್ಪತ್ರೆಗಲ್ಲ, ಭರಮಮ್ಮನ ಮನೆಗೆ. ಅದಕ್ಕೆ ಆ ಸೀಮೆಯಲ್ಲಿ ತೋರಿಸಿಕೊಂಡು ಬರೋದು ಅಂತಲೇ ಹೆಸರು. ಭರಮಮ್ಮ ಮೂವತ್ತಾರು ವರ್ಷ ಸರ್ಕಾರದ ನರ್ಸಮ್ಮ ಆಗಿದ್ದವಳು. ಹುಡುಗಿಯನ್ನು ಬಾಗಿಲ ಬೆಳಕಿಗೆ ಕೂರಿಸಿ ಕೊರಳ ಕುಳಿಯಲ್ಲಿ ಬಡಿಯುವ ನರ ನೋಡುವಳು, ಕೆಳರೆಪ್ಪೆ ಜಗ್ಗಿ ನೋಡುವಳು, ಮುಂಗೈ ಹಿಡಿದು ಒಂದು ಗಳಿಗೆ ಸುಮ್ಮನೆ ಕೂರುವಳು. ಆಮೇಲೆ ಒಂದೇ ಮಾತು. ಐತಿ ಅಂದರೆ ಐತಿ, ಇಲ್ಲ ಅಂದರೆ ಇಲ್ಲ.

ಔಷಧಿ ಅಂಗಡಿಗಳಲ್ಲಿ ಎರಡು ಗೆರೆ ಮೂಡುವ ಪಟ್ಟಿ ಬಂದ ಮೇಲೂ ಈ ನಡಾವಳಿ ನಿಲ್ಲಲಿಲ್ಲ. ಪಟ್ಟಿ ತೋರಿಸಿದ್ದನ್ನು ಭರಮಮ್ಮನ ಕಣ್ಣಿಗೆ ಹಾಕಿಯೇ ನಂಬುತ್ತಿದ್ದರು. ಒಮ್ಮೆ ಒಬ್ಬಳಿಗೆ ಪಟ್ಟಿಯಲ್ಲಿ ಎರಡು ಗೆರೆ ಬಂದು ಮನೆಯವರು ಸಕ್ಕರೆ ಹಂಚಿದ್ದರು. ಭರಮಮ್ಮ ನೋಡಿ, ಇದು ನಿಲ್ಲೋದಲ್ಲ, ಹತ್ತು ದಿನ ತಡೀರಿ ಅಂದಳು. ಎಂಟನೇ ದಿನಕ್ಕೆ ಹುಡುಗಿ ಹೊರಗಾದಳು. ಅಂದಿನಿಂದ 'ಭರಮಮ್ಮ ನೋಡ್ಯಾಳ' ಅಂದರೆ ಮುಂದೆ ಯಾರೂ ಮಾತಾಡುತ್ತಿರಲಿಲ್ಲ. ಕೆಲಸದಿಂದ ನಿವೃತ್ತಿಯಾಗಿ ನಾಲ್ಕು ವರ್ಷ ಕಳೆದಿತ್ತು. ಕಣ್ಣಿಗೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ.

ಎರಡನೇ ಸಲ ಕೊರೊನಾ ಬಂದ ಆ ಏಪ್ರಿಲ್ ತಿಂಗಳಲ್ಲಿ ತಾಲೂಕಿನ ದೊಡ್ಡ ಡಾಕ್ಟರು ಅವಳ ಮನೆ ಬಾಗಿಲಿಗೆ ತಾವೇ ಬಂದು ನಿಂತರು. ಕೊಟ್ಟೂರು ರಸ್ತೆಯಲ್ಲಿ ಒಂದು ಹಾಸ್ಟೆಲ್ ಕಟ್ಟಡ ತೆರವು ಮಾಡಿಸಿ, ಐವತ್ತು ಮಂಚ ಹಾಕಿಸಿ, ಆಕ್ಸಿಜನ್ ಪೈಪು ಎಳೆಸಿ ಕೂತಿದ್ದರು. ಎಲ್ಲಾ ಇತ್ತು, ನರ್ಸುಗಳಿರಲಿಲ್ಲ. ಪೇಪರಿಗೆ ಕೊಟ್ಟರು. ನೇರ ಸಂದರ್ಶನ ಅಂತ ಶಾಮಿಯಾನ ಹಾಕಿಸಿ ಕುರ್ಚಿ ಜೋಡಿಸಿದರೆ ಬಂದವರು ಇಬ್ಬರು. ಅವರಲ್ಲೊಬ್ಬಳು ತನ್ನ ಅಪ್ಪನಿಗೆ ಬೆಡ್ ಕೇಳಲು ಬಂದವಳು, ಇನ್ನೊಬ್ಬಳು ಕೊರೊನಾ ವಾರ್ಡು ಅಂದ ಕೂಡಲೇ ವಾಪಸ್ ಹೋದಳು. ಪಾಳಿಗೆ ಮೂವರಂತೆ ಮೂರು ಪಾಳಿಗೆ ಒಂಬತ್ತು ಮಂದಿ ಇರಲೇಬೇಕು, ಒಂಬತ್ತು ಸಹಿ ಬೀಳದ ಹೊರತು ವಾರ್ಡಿನ ಬೀಗ ತೆಗೆಯಕೂಡದು ಅಂತ ಜಿಲ್ಲೆಯಿಂದ ಕಾಗದ ಬಂದಿತ್ತು. ಯಾರ ಮನೆಯಲ್ಲಿ ನರ್ಸಿಂಗ್ ಓದಿದ ಹುಡುಗಿ ಇದ್ದಾಳೆ ಅನ್ನೋದು ನಿಮಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಅಂತ ಡಾಕ್ಟರು ಕೈ ಮುಗಿದರು.

ಅದು ನಿಜವೇ. ಆ ಹುಡುಗಿಯರು ಹುಟ್ಟುವಾಗ ಹೆರಿಗೆ ಮಾಡಿಸಿದವಳೂ ಅವಳೇ, ಹತ್ತನೇ ಕ್ಲಾಸು ಮುಗಿದ ಮೇಲೆ ನರ್ಸಿಂಗಿಗೆ ಸೇರಿಸ್ರಿ ಅಂತ ಮನೆಮನೆಗೆ ಹೋಗಿ ಹೇಳಿದವಳೂ ಅವಳೇ. ಭರಮಮ್ಮ ಬೆರಳು ಮಡಿಚಿದಳು. ಹನ್ನೊಂದು ಹೆಸರು ಬಂದವು. ಯಾವತ್ತಿಗೆ ಬೇಕು ಅಂತ ಕೇಳಿದಳು. ಡಾಕ್ಟರು ಸೋಮವಾರ ಅಂದರು. ಸೋಮವಾರ ಒಂಬತ್ತು ಮಂದಿ ನಿಮ್ಮ ಮುಂದೆ ನಿಂತಿರತಾರ, ಹೋಗ್ರಿ ಅಂತ ಅವಳು ಮಾತು ಕೊಟ್ಟಳು. ಒಳಗೆ ಕೂತಿದ್ದ ಅವಳ ಗಂಡ ದುರುಗಣ್ಣನಿಗೆ ಕಿವಿ ಮಂದ. ಅವನು, ಯಾರದು ಹೆರಿಗೆ ಅಂತ ಕೇಳಿದ.

ಜೀಪು ಕೊಟ್ಟರು. ನಡೆಸುವವನು ಕೂಡ್ಲಿಗಿಯ ಗುಲಾಮಹುಸೇನ. ಅವನು ಕೀಲಿ ತಿರುಗಿಸುವ ಮುಂಚೆಯೇ, ಪಟ್ಟಿಯಲ್ಲಿ ಮೊದಲು ನನ್ನ ಮಗಳು ಖುಷ್ನುಮಾಳ ಹೆಸರು ಬರಕೊಳ್ರಿ, ಬೇರೆಯವರ ಮಕ್ಕಳನ್ನ ಕರಕೊಂಡು ಬರಾಕ ಆಮೇಲೆ ನನಗ ಮುಖ ಇರತೈತಿ ಅಂದ.

ಭರಮಮ್ಮ ಯಾರ ಮನೆಯಲ್ಲೂ ಕಳಿಸ್ರಿ ಅಂತ ಕೇಳಲಿಲ್ಲ. ಕಟ್ಟೆಯ ಮೇಲೆ ಕೂತು ನೀರು ಇಸಿದುಕೊಂಡು ಕುಡಿದು, ಆ ಮನೆಯ ಹುಡುಗಿ ಹುಟ್ಟಿದ ದಿನದ ಕತೆ ತೆಗೆಯುತ್ತಿದ್ದಳು. ಯಾವ ವಾರ, ಮಳೆಯೋ ಬಿಸಿಲೋ, ಹೊಕ್ಕಳಬಳ್ಳಿ ಕೊರಳಿಗೆ ಎಷ್ಟು ಸುತ್ತು ಬಿದ್ದಿತ್ತು, ಅವ್ವ ಏನೇನು ಬೈದಳು, ಅಪ್ಪ ಎಲ್ಲಿ ಕೂತು ಬೀಡಿ ಸೇದುತ್ತಿದ್ದ, ಒಂದೂ ಮರೆತಿರಲಿಲ್ಲ. ಕತೆ ಮುಗಿಯುವ ಹೊತ್ತಿಗೆ ಆ ಮನೆಯವರಿಗೆ ಇಲ್ಲ ಅನ್ನುವ ಬಾಯಿ ಇರುತ್ತಿರಲಿಲ್ಲ. ಸಾಲಿ ಮಾಸ್ತರ ಭೀಮರಾಜನ ಮಗಳು ಕೋಮಲಾ ಕಾಲು ಮುಂದೆ ಮಾಡಿಕೊಂಡು ಹುಟ್ಟಿದವಳು. ಆ ಕತೆಯನ್ನು ಅರ್ಧ ಕೇಳಿ ಭೀಮರಾಜ ಕೈ ಅಡ್ಡ ಹಿಡಿದ.

"ಅಮ್ಮಾರ, ಅವತ್ತು ಉಳಿಸಿಕೊಟ್ಟದ್ದನ್ನ ಇವತ್ತು ವಾಪಸ್ ಕೇಳಾಕ ಬಂದೀರೇನು?"

"ಹೂಂ," ಅಂದಳು ಭರಮಮ್ಮ. "ಅದಕ್ಕ ಬಂದೀನಿ."

ಕೋಮಲಾ ಒಳಗಿಂದ ಚೀಲ ತಂದು ಜೀಪಿನಲ್ಲಿ ಇಟ್ಟಳು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಂಟು ಮಂದಿ ಆದರು. ಒಬ್ಬಳು ದಾವಣಗೆರೆಗೆ ಹೋಗಿಬಿಟ್ಟಿದ್ದಳು. ಇನ್ನೊಬ್ಬಳ ಅವ್ವ ಬಾಗಿಲಲ್ಲಿ ನಿಂತು, ಮಗಳು ಚಿಗವ್ವನ ಮನಿಗೆ ಹೋಗ್ಯಾಳ ಅಂದಳು. ಮಗಳ ಚಪ್ಪಲಿ ಹೊಸ್ತಿಲ ಹೊರಗೇ ಇದ್ದವು. ಭರಮಮ್ಮ ಚಪ್ಪಲಿ ನೋಡಿ, ಆ ಅವ್ವನ ಮುಖ ನೋಡಿ, ಜೀಪು ಹತ್ತಿದಳು. ಉಳಿದದ್ದು ಒಂದೇ ಹೆಸರು, ಪ್ರಿಯಾ.

ಪ್ರಿಯಾಳನ್ನು ಹಗರಿಬೊಮ್ಮನಹಳ್ಳಿ ತಾಲೂಕಿನ ತಂಬ್ರಹಳ್ಳಿಗೆ ಕೊಟ್ಟಿದ್ದರು. ಗಂಡ ಕ್ರಾಂತಿಕುಮಾರ್ ಲೈನ್‌ಮನ್. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿರಲಿಲ್ಲ. ಅತ್ತೆ ಕೆಂಚಕ್ಕ ಸೊಸೆಯನ್ನು ಹೊಸಪೇಟೆ, ದಾವಣಗೆರೆಯ ಡಾಕ್ಟರುಗಳಿಗೆಲ್ಲ ತೋರಿಸಿ, ವರ್ಷಕ್ಕೆ ಎರಡು ಮೂರು ಸಲ ಭರಮಮ್ಮನ ಹತ್ತಿರವೂ ಕರೆತಂದಿದ್ದಳು. ಪ್ರತಿ ಸಲ ಭರಮಮ್ಮ ಇಲ್ಲ ಅಂದಿದ್ದಳು, ಪ್ರತಿ ಸಲ ಅದು ಖರೇ ಆಗಿತ್ತು. ಪ್ರಿಯಾ ಆ ಗೆರೆಯ ಪಟ್ಟಿಗಳನ್ನು ನೋಡಿ ನೋಡಿ ಸಾಕಾಗಿ, ಇನ್ನು ಜನ್ಮದಲ್ಲಿ ಮುಟ್ಟೋದಿಲ್ಲ ಅಂತ ಆಣೆ ಮಾಡಿಕೊಂಡಿದ್ದಳು. ಅಪ್ಪ ನಾಗೇಂದ್ರಪ್ಪನಿಗೆ ಜ್ವರ ಅಂತ ವಾರದ ಹಿಂದಷ್ಟೇ ತವರಿಗೆ ಬಂದಿದ್ದಳು.

ಪ್ರಿಯಾಳ ಅವ್ವ ಮಾರೆಮ್ಮ ಕತೆ ಕೇಳಲು ತಯಾರಿರಲಿಲ್ಲ. ಮಗಳು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ, ತಲೆ ತಿರುಗತೈತಿ ಅಂತಾಳ, ತಿಂಗಳು ಮ್ಯಾಲಾಗೈತಿ ಅಂತ ದನಿ ಇಳಿಸಿ ಹೇಳಿದಳು. ಹೇಳುವಾಗಲೇ ಅವಳ ಮುಖದಲ್ಲಿ ಆಸೆ ಕುಣಿಯುತ್ತಿತ್ತು.

"ನೀವು ಒಂದು ಸಲ ನೋಡ್ರಿ ಅಮ್ಮಾರ. ಇದ್ರ ನಾ ಕಳಿಸಂಗಿಲ್ಲ, ನೀವೂ ಕೇಳಬ್ಯಾಡ್ರಿ. ಇಲ್ಲಂದ್ರ ಕರಕೊಂಡು ಹೋಗ್ರಿ."

ಪ್ರಿಯಾ ನಕ್ಕು, ನನ್ನ ತಿಂಗಳು ಯಾವಾಗ ಸರಿ ಇದ್ವು, ಬಿಡವ್ವ ಅಂತ ಗೊಣಗುತ್ತಲೇ ಬಂದು ಬೆಳಕಿಗೆ ಕೂತಳು. ಭರಮಮ್ಮ ಕೊರಳ ಕುಳಿ ನೋಡಿದಳು. ಅಷ್ಟೇ ಸಾಕಾಗಿತ್ತು. ಆದರೂ ರೆಪ್ಪೆ ಜಗ್ಗಿ ನೋಡಿದಳು, ಮುಂಗೈ ಹಿಡಿದು ಕೂತಳು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಎರಡು ತಿಂಗಳು ತುಂಬುತ್ತ ಬಂದಿತ್ತು, ಗಟ್ಟಿಯಾಗಿ ನಿಂತಿತ್ತು. ಮುಂಗೈ ಹಿಡಿದಿದ್ದಂತೆಯೇ ಸೊಂಟದ ಚೀಲದಲ್ಲಿ ಫೋನು ರಿಂಗಾಯಿತು. ಡಾಕ್ಟರು. ಎಂಟೋ ಒಂಬತ್ತೋ ಅಂತ ಕೇಳಲು ಬೆಳಗಿನಿಂದ ಅದು ಐದನೇ ಸಲ. ಭರಮಮ್ಮ ಎತ್ತಲಿಲ್ಲ. ಫೋನು ರಿಂಗಾಗಿ ರಿಂಗಾಗಿ ನಿಂತಿತು.

"ಇಲ್ಲ," ಅಂದಳು ಭರಮಮ್ಮ. "ಪಿತ್ತ ಏರೈತಿ. ನಿಂಬಿಹಣ್ಣಿನ ನೀರು ಕುಡಿಸು."

ಆ ಹೊತ್ತಿಗೆ ಆಸ್ಪತ್ರೆಗಳ ಮುಂದೆ ಆಟೋದಲ್ಲಿ, ಮರದ ಕೆಳಗೆ, ಎಲ್ಲೆಂದರಲ್ಲಿ ಜನ ಉಸಿರು ಸಿಗದೆ ಸಾಯುತ್ತಿದ್ದರು. ಅವರಿಗಾಗಿ ಸುಳ್ಳು ಹೇಳಿದೆ ಅಂತ ಭರಮಮ್ಮ ಆಮೇಲೆ ತನಗೆ ತಾನು ಎಷ್ಟೋ ಸಲ ಹೇಳಿಕೊಂಡಳು. ಆದರೆ ಮುಂಗೈ ಹಿಡಿದ ಆ ಗಳಿಗೆಯಲ್ಲಿ ಅವಳ ಕಣ್ಣ ಮುಂದೆ ಬಂದದ್ದು ಸಾಯುವವರಲ್ಲ. ಸೋಮವಾರ ಬೆಳಿಗ್ಗೆ ಎಂಟು ಹುಡುಗಿಯರನ್ನು ನಿಲ್ಲಿಸಿ, ಒಂಬತ್ತನೆಯವಳು ಸಿಗಲಿಲ್ಲರೀ ಅಂತ ಡಾಕ್ಟರ ಮುಂದೆ ತಲೆ ತಗ್ಗಿಸಿ ನಿಂತ ತಾನು ಕಣ್ಣ ಮುಂದೆ ಬಂದಿದ್ದಳು. ಜೀವಮಾನದಲ್ಲಿ ಒಮ್ಮೆಯೂ ಹಾಗೆ ನಿಂತವಳಲ್ಲ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ನೋಡಿದಂತೆ ಮಾಡಿ, ಈಗ ಐತಿ ಅಂದು ಮನೆಗೆ ಕಳಿಸಿದರಾಯಿತು ಅಂತ ಅಲ್ಲೇ ಲೆಕ್ಕ ಹಾಕಿಕೊಂಡಳು.

ಮಾರೆಮ್ಮನ ಮುಖ ಇಳಿಯಿತು. ಆದರೂ ಕೊಟ್ಟ ಮಾತಿನಂತೆ ಎದ್ದು ಮಗಳ ಬಟ್ಟೆ ಮಡಿಚಿ ಚೀಲಕ್ಕೆ ತುಂಬಿದಳು.

ವಾರ್ಡು ಸೋಮವಾರ ತೆರೆಯಿತು. ಬುಧವಾರದ ಹೊತ್ತಿಗೆ ಐವತ್ತು ಮಂಚವೂ ತುಂಬಿದವು. ಹುಡುಗಿಯರು ಭರಮಮ್ಮನ ಮಾತು ಮಾತ್ರ ಕೇಳುತ್ತಾರೆ ಅಂತ ಪಾಳಿ ಹಂಚುವ ಕೆಲಸವನ್ನೂ ಡಾಕ್ಟರು ಅವಳಿಗೇ ಒಪ್ಪಿಸಿ, ಅಲ್ಲೇ ಒಂದು ಕೋಣೆ ಕೊಟ್ಟರು. ಗೋಡೆಗೆ ಹಾಳೆ ಅಂಟಿಸಿ ಅವಳು ಕೈಯಾರೆ ಹೆಸರು ಬರೆಯುತ್ತಿದ್ದಳು. ಎಂಟು ತಾಸು ಒಂದು ಪಾಳಿ ಅಂತ ಹೆಸರಿಗೆ. ಬದಲಿಗೆ ಬರುವವಳು ಕಿಟ್ ಹಾಕಿಕೊಂಡು ಒಳಗೆ ಬರುವತನಕ ಒಂಬತ್ತೂ ಆಗುತ್ತಿತ್ತು, ಹತ್ತೂ ಆಗುತ್ತಿತ್ತು. ಬಳ್ಳಾರಿ ಕಡೆಯ ಮೇ ತಿಂಗಳು, ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ಕಿನ ಕಿಟ್. ನೀರು ಕುಡಿಯುವಂತಿಲ್ಲ, ಬಚ್ಚಲಿಗೆ ಹೋಗುವಂತಿಲ್ಲ. ಹೊರಗೆ ಬಂದಾಗ ಕೈಗವಸು ಕಳಚಿ ಬಗ್ಗಿಸಿದರೆ ಬೆವರು ಲೋಟದಿಂದ ಸುರಿದಂತೆ ಸುರಿಯುತ್ತಿತ್ತು.

ಮೊದಲ ಹದಿನೈದು ದಿನ ಭರಮಮ್ಮ ಪ್ರಿಯಾಳನ್ನು ಒಳಗೆ ಬಿಡಲಿಲ್ಲ. ಪಾಳಿಯ ಮೂವರಲ್ಲಿ ಒಬ್ಬರು ಬಾಗಿಲ ಹೊರಗಿನ ಮೇಜಿನ ಹತ್ತಿರ ಕೂತು, ಒಳಗಿದ್ದವರ ಸಂಬಂಧಿಕರಿಗೆ ಫೋನು ಮಾಡಿ ಇದ್ದಾರೆ, ಹೋದರು ಅಂತ ಹೇಳಬೇಕು. ಅದು ಪ್ರಿಯಾಳಿಗೇ ಬೀಳುತ್ತಿತ್ತು. ಎರಡು ವಾರದಲ್ಲಿ ಖುಷ್ನುಮಾಳಿಗೆ ಜ್ವರ ಬಂದು ಅವಳೇ ಹನ್ನೊಂದನೇ ಮಂಚದಲ್ಲಿ ಮಲಗಿದಳು. ಕೈ ಕಡಿಮೆಯಾದವು. ಆ ದಿನ ಮಧ್ಯಾಹ್ನ ಕಿಟ್ ಕಳಚಿ ಬಂದ ಕೋಮಲಾ, ಮುಖದ ಮೇಲೆ ಮಾಸ್ಕಿನ ಗಾಯ ಹಸಿಯಾಗಿರುವಂತೆಯೇ, ಗೋಡೆಯ ಹಾಳೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ದೊಡ್ಡಮ್ಮ, ನಾ ಕಾಲು ಮುಂದ ಮಾಡಿಕೊಂಡು ಹುಟ್ಟೀನಿ, ಒಪ್ಪಿದೆ. ಇಕಿ ಏನು ಪಲ್ಲಕ್ಕ್ಯಾಗ ಕುಂತು ಹುಟ್ಟ್ಯಾಳೇನು?"

ಉಳಿದವರು ಬಾಯಿ ಮುಚ್ಚಿಕೊಂಡು ನಕ್ಕರು. ಪ್ರಿಯಾ ನಗಲಿಲ್ಲ. ನನ್ನನ್ನೂ ಒಳಗ ಹಾಕು ದೊಡ್ಡಮ್ಮ, ಇವರ ಬಾಯಿಗೆ ಬೀಳಾಕ ನನಗಾಗವಲ್ದು ಅಂತ ತಾನೇ ಕೇಳಿದಳು. ಈಗ ಐತಿ ಅನ್ನಬೇಕೆಂದಿದ್ದ ಹದಿನೈದು ದಿನ ಮುಗಿದಿದ್ದವು. ಆಡಿದ್ದರೆ ಅವತ್ತೇ ಆಡಬೇಕಿತ್ತು. ಆದರೆ ಎದುರಿಗೆ ಇದ್ದವರು ಹಳ್ಳಿಯ ಹೆಂಗಸರಲ್ಲ, ನರ್ಸಿಂಗ್ ಓದಿದವರು. ಕೋಮಲಾ ಅಲ್ಲಿಯೇ ಒಂದು ಪಟ್ಟಿ ತಂದು, ಸ್ಕ್ಯಾನ್ ಮಾಡಿಸಿ, ವಾರ ಎಣಿಸಿ, ಹಂಗಾರ ಅವತ್ತು ನಿನಗ ಯಾಕ ಕಾಣಲಿಲ್ಲ ದೊಡ್ಡಮ್ಮ ಅಂತ ಕೇಳುವವಳೇ. ಭರಮಮ್ಮ ಪೆನ್ನು ತೆಗೆದು ಮೇಜಿನ ಸಾಲಿನಲ್ಲಿದ್ದ ಪ್ರಿಯಾಳ ಹೆಸರು ಹೊಡೆದು, ಒಳಗಿನ ಸಾಲಿಗೆ ಬರೆದಳು.

ಕಿಟ್ ಹಾಕಿಕೊಂಡರೆ ಮುಟ್ಟಿನ ಬಟ್ಟೆ ಬದಲಿಸಲು ಆಗುವುದಿಲ್ಲ ಅಂತ ಹುಡುಗಿಯರೆಲ್ಲ ಮುಟ್ಟು ಮುಂದೂಡುವ ಗುಳಿಗೆ ನುಂಗುತ್ತಿದ್ದರು. ಒಂದು ದಿನ ಬೆಳಿಗ್ಗೆ ಪ್ರಿಯಾ ಆ ಗುಳಿಗೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಭರಮಮ್ಮನ ಮುಂದೆ ಬಂದಳು. ನನ್ನ ತಿಂಗಳು ಮೊದಲೇ ನೆಟ್ಟಗಿಲ್ಲ, ನಾನೂ ತಗೊಳ್ಳಲೇನು ಅಂತ ಕೇಳಿದಳು. ಭರಮಮ್ಮ ಅವಳ ಅಂಗೈ ನೋಡಿದಳು, ಕೊರಳ ಕುಳಿ ನೋಡಿದಳು. ಬ್ಯಾಡ ಅಂದರೆ ಯಾಕೆ ಅಂತ ಕೇಳುತ್ತಾಳೆ.

"ನಿನ್ನಿಷ್ಟವ್ವ," ಅಂದಳು.

ಪ್ರಿಯಾ ನೀರು ಕುಡಿದು ಗುಳಿಗೆ ನುಂಗಿದಳು. ಅಂದಿನಿಂದ ಅವಳಿಗೆ ಮುಟ್ಟಿನ ಚಿಂತೆಯೇ ಹೋಯಿತು. ವಾಂತಿ ಬಂದರೆ ಕಿಟ್ಟಿನ ಸೆಕೆ ಅಂದುಕೊಂಡಳು. ಎಲ್ಲರಿಗೂ ಬರುತ್ತಿತ್ತು.

ಕೆಲಸದಲ್ಲಿ ಪ್ರಿಯಾಳ ಕೈಗೆ ಸರಿಸಮ ಯಾರೂ ಇರಲಿಲ್ಲ. ಎರಡೆರಡು ಕೈಗವಸಿನ ಮೇಲೆಯೇ ಮುದುಕರ ಬತ್ತಿದ ಕೈಯಲ್ಲಿ ನರ ಹುಡುಕಿ ಒಂದೇ ಚುಚ್ಚಿಗೆ ಸೂಜಿ ಇಳಿಸುತ್ತಿದ್ದಳು. ಹಲವಾಗಲಿನಿಂದ ಬಂದಿದ್ದ ಚನ್ನಬಸವ ಅನ್ನುವ ರೈತ ಹದಿನೆಂಟು ದಿನ ಇದ್ದು ಕಾಲಮೇಲೆ ನಡೆದು ಮನೆಗೆ ಹೋದ. ಆಮೇಲೆ ಹೊಳೆದಂಡೆಯ ಗದ್ದೆಯ ಅಕ್ಕಿ ಒಂದು ಚೀಲ ಕಳಿಸಿ, ಇದು ಎತ್ತರದ ಸಿಸ್ಟರಿಗೆ ಅಂತ ಹೇಳಿ ಕಳಿಸಿದ್ದ. ಎತ್ತರದವಳು ಪ್ರಿಯಾನೇ. ಅಕ್ಕಿಯನ್ನು ಎಲ್ಲರೂ ಕೂಡಿ ಉಂಡರು. ಕ್ರಾಂತಿಕುಮಾರ್ ಎರಡು ಸಲ ಬಂದು ಗೇಟಿನ ಆಚೆ ನಿಂತು, ರೊಟ್ಟಿ, ಮಾವಿನಹಣ್ಣು ಕೊಟ್ಟು, ಹತ್ತು ಮಾರು ದೂರದಿಂದ ಮಾತಾಡಿಸಿ ಹೋದ. ಒಳಗೆ ಬರಲು ಅಪ್ಪಣೆ ಇರಲಿಲ್ಲ. ಹೊರಗೆ ಹೋಗಲು ಇವಳಿಗೂ ಇರಲಿಲ್ಲ.

ಭರಮಮ್ಮ ಕಿಟಕಿಯ ಗಾಜಿನಿಂದ ದಿನಾ ಪ್ರಿಯಾಳ ನಡಿಗೆ ನೋಡುತ್ತಿದ್ದಳು. ಹೆಜ್ಜೆ ಅಗಲವಾಗುತ್ತ ಬಂದಿತ್ತು. ನಾಳೆ ಹೇಳತೀನಿ ಅಂದುಕೊಳ್ಳುತ್ತಿದ್ದಳು. ನಾಳೆ ಅಂದಷ್ಟೂ ಲೆಕ್ಕ ತಪ್ಪುತ್ತ ಹೋಗುತ್ತಿತ್ತು. ಎರಡು ತಿಂಗಳಾಗಿದ್ದಾಗ ಹೇಳದವಳು ಮೂರಾದಾಗ ಏನಂತ ಹೇಳುವುದು, ಮೂರರಲ್ಲಿ ಹೇಳದವಳು ಮೂರೂವರೆಗೆ ಏನಂತ ಹೇಳುವುದು. ಪ್ರಿಯಾ ಮಾತ್ರ ಇನ್ನೊಮ್ಮೆ ನೋಡು ಅಂತ ಕೇಳಲೇ ಇಲ್ಲ. ಭರಮಮ್ಮ ನೋಡಿದ್ದಾಳೆ ಅಂದಮೇಲೆ ಯಾಕೆ ಕೇಳುತ್ತಾಳೆ.

ಜೂನ್ ತಿಂಗಳ ಮೂರನೇ ಗುರುವಾರ, ಹಗಲು ಹನ್ನೆರಡರ ಹೊತ್ತಿಗೆ, ಎಂಟು ತಾಸಿನ ಪಾಳಿ ಮುಗಿಸಿ ಹೊರಗೆ ಬಂದ ಪ್ರಿಯಾ ಕಿಟ್ ಕಳಚುವ ಕೋಣೆಯಲ್ಲಿ ಗೋಡೆ ಹಿಡಿದು ಕೂತಳು. ಬಿಳಿಯ ಕಿಟ್ಟಿನ ಒಳಗೆ ಮೊಣಕಾಲಿನವರೆಗೆ ಕೆಂಪಾಗಿತ್ತು. ಡಾಕ್ಟರು ಒಳಗೆ ಒಬ್ಬನ ಉಸಿರು ಹಿಡಿದಿಡಲು ಒದ್ದಾಡುತ್ತಿದ್ದರು, ಬರುವುದು ತಡವಾಯಿತು. ಅಷ್ಟರಲ್ಲಿ ಆಗುವುದೆಲ್ಲ ಭರಮಮ್ಮನ ಕೈಯಲ್ಲೇ ಆಗಿಹೋಯಿತು. ಪ್ರಿಯಾ ಹುಟ್ಟಿದಾಗ ಅವಳನ್ನು ಹಿಡಿದ ಕೈಯೇ ಅದು. ಟ್ರೇ ಮೇಲೆ ಬಟ್ಟೆ ಮುಚ್ಚಿ ಎತ್ತಿಕೊಂಡು ಹೋಗುವಾಗ ಪ್ರಿಯಾ ಕರೆದಳು.

"ಟ್ರೇ ತಾ."

"ಬ್ಯಾಡವ್ವ."

"ನಾನೂ ನರ್ಸೇ ಅದೀನಿ, ದೊಡ್ಡಮ್ಮ. ತಾ."

ತಂದಳು. ಪ್ರಿಯಾ ಬಟ್ಟೆ ಸರಿಸಿ ನೋಡಿದಳು. ಗಂಡು. ತನ್ನ ಬೆರಳು ಪಕ್ಕದಲ್ಲಿ ಇಟ್ಟು ಅಳೆದಳು, ನರ್ಸಿಂಗ್ ಶಾಲೆಯಲ್ಲಿ ಕಲಿಸಿದಂತೆ. ನಾಲ್ಕು ತಿಂಗಳು ತುಂಬಿಲ್ಲ ಆದರೆ ಅದರ ಹತ್ತಿರ ಐತಿ ಅಂತ, ಬೇರೆ ಯಾರದೋ ಕೇಸು ಹೇಳುವಂತೆ ಹೇಳಿದಳು. ಬಟ್ಟೆ ಮುಚ್ಚಿದಳು. ಬೆರಳು ಮಡಿಚಿ ಹಿಂದಕ್ಕೆ ಎಣಿಸಿದಳು.

"ನೀ ನೋಡಿದಾಗ ಎರಡು. ನಿನಗ ಕಂಡಿರಲಿಲ್ಲೇನು?"

ಭರಮಮ್ಮ ಮೂವತ್ತಾರು ವರ್ಷದಲ್ಲಿ ಆಗಷ್ಟೇ ಹಡೆದು ಮಲಗಿದವಳ ಮುಂದೆ ಸುಳ್ಳು ಹೇಳಿದವಳಲ್ಲ.

"ಕಂಡಿತ್ತು," ಅಂದಳು.

ಪ್ರಿಯಾ ಗೋಡೆಯ ಕಡೆ ಮಗ್ಗಲಾದಳು. ಇಪ್ಪತ್ತೆರಡನೇ ಮಂಚದವರ ಬಾಟಲಿ ಮುಗದಿರತೈತಿ, ಬದಲಿ ಮಾಡಾಕ ಹೇಳು ಅಂದಳು.

ಗರ್ಭಚೀಲ ಸ್ವಚ್ಛ ಮಾಡಲು ಗಂಡನ ಸಹಿ ಬೇಕು ಅಂತ ಕ್ರಾಂತಿಕುಮಾರನನ್ನು ಕರೆಸಿದರು. ಅವನು ಗೇಟಿನಲ್ಲೇ ಕಾಗದ ಇಸಿದುಕೊಂಡು ಎರಡು ಸಲ ಓದಿ, ಸಹಿ ಹಾಕಿ, ಹೆಂಡತಿಯನ್ನು ನೋಡದೆಯೇ ಹೋದ. ಅಂದಿನಿಂದ ಫೋನು ಎತ್ತಲಿಲ್ಲ. ಮನೆಯಲ್ಲಿ ಕೆಂಚಕ್ಕ ಬೆರಳು ಎಣಿಸಿದ್ದಳು. ಏಪ್ರಿಲ್ ಕೊನೆಯ ಭಾನುವಾರ ಭರಮಮ್ಮ ನೋಡಿದ್ದಾಳೆ, ಇಲ್ಲ ಅಂದಿದ್ದಾಳೆ. ಮರುದಿನದಿಂದ ಸೊಸೆ ಹಾಸ್ಟೆಲ್ಲು ಬಿಟ್ಟು ಕದಲಿಲ್ಲ. ಮಗ ಗೇಟು ದಾಟಿಲ್ಲ. ಐವತ್ಮೂರು ದಿನ. ಹಾಗಾದರೆ ಆ ಕೂಸು ಎಲ್ಲಿಂದ ಬಂತು.

ಮಾರೆಮ್ಮ ಮಾತಾಡಿ ಬರುತ್ತೇನೆಂದು ತಂಬ್ರಹಳ್ಳಿಗೆ ಹೋದಳು. ಕೂರು ಅನ್ನುವವರಿರಲಿಲ್ಲ. ಕೆಂಚಕ್ಕ ಕೂಗಾಡಲಿಲ್ಲ, ಒಳಗೆ ಜೋಳ ಹಸನು ಮಾಡುತ್ತ ಕೂತಲ್ಲಿಂದಲೇ ಒಂದು ಮಾತು ಅಂದಳು.

"ನಾಲ್ಕು ವರ್ಷ ನಮ್ಮ ಮನಿಯಾಗ ನಿಲ್ಲದ್ದು, ಹಾಸ್ಟೆಲ್ಲಿನಾಗ ನಿಂತೈತಿ ನೋಡವ್ವ."

ಮಾರೆಮ್ಮ ಅಲ್ಲಿಂದ ನೇರವಾಗಿ ಭರಮಮ್ಮನ ಹತ್ತಿರ ಬಂದಳು. ಮಗಳು ಅವಳಿಗೆ ಏನೂ ಹೇಳಿರಲಿಲ್ಲ. ನಿಮ್ಮ ಕಣ್ಣು ಒಂದೇ ಒಂದು ಸಲ ತಪ್ಪಿತು ಅಂತ ಆ ಮನೆಗೆ ಬಂದು ಹೇಳ್ರಿ ಅಮ್ಮಾರ, ನನ್ನ ಮಗಳ ಬಾಳು ಉಳೀತೈತಿ ಅಂತ ಕಾಲು ಹಿಡಿದಳು. ಭರಮಮ್ಮ ಬರತೀನಿ ಅಂದಳು. ಕಣ್ಣು ತಪ್ಪಿತು ಅನ್ನುವುದು ಸಾಲದು ಅಂತ ಅವಳಿಗೆ ಗೊತ್ತಿತ್ತು. ತಪ್ಪಿದ ಕಣ್ಣನ್ನು ಯಾರೂ ಒಪ್ಪುವುದಿಲ್ಲ. ನಿಜವನ್ನೇ ಹೇಳಬೇಕು.

ಜುಲೈ ಮೊದಲ ವಾರ, ವಾರ್ಡಿನಲ್ಲಿ ಅರ್ಧ ಮಂಚಗಳು ಖಾಲಿಯಾಗಿದ್ದಾಗ, ಗುಲಾಮಹುಸೇನನ ಜೀಪಿನಲ್ಲಿ ಪ್ರಿಯಾಳನ್ನು ಕೂರಿಸಿಕೊಂಡು ಹೊರಟಳು. ದಾರಿಯುದ್ದಕ್ಕೂ ಪ್ರಿಯಾ ಕಿಟಕಿಯ ಆಚೆ ನೋಡುತ್ತಿದ್ದಳು. ಭರಮಮ್ಮ ಮನಸ್ಸಿನಲ್ಲಿ ಎಲ್ಲಕ್ಕೂ ತಯಾರಾದಳು. ಕೆಂಚಕ್ಕ ಮುಖಕ್ಕೆ ಉಗುಳುತ್ತಾಳೆ, ಊರವರು ಕೂಡುತ್ತಾರೆ, ಹೋಬಳಿಯಲ್ಲಿ ತನ್ನ ಹೆಸರು ಎತ್ತಿದರೆ ಜನ ಬಾಯಿ ಮುಕ್ಕಳಿಸುತ್ತಾರೆ. ಆಗಲಿ ಅಂದುಕೊಂಡಳು. ಹಾಗೆ ಅಂದುಕೊಂಡಾಗ ಎರಡು ತಿಂಗಳಲ್ಲಿ ಮೊದಲ ಸಲ ಎದೆ ಹಗುರಾಯಿತು.

ಕೆಂಚಕ್ಕ ಎದ್ದು ಬಂದು ಭರಮಮ್ಮನ ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿ ಕೂರಿಸಿದಳು, ಮಜ್ಜಿಗೆ ತಂದಿಟ್ಟಳು. ಪ್ರಿಯಾಳಿಗೆ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅವಳು ಹೊಸ್ತಿಲ ಹೊರಗೆ ನಿಂತಳು. ಕ್ರಾಂತಿಕುಮಾರ್ ನಡುಮನೆಯ ಗೋಡೆಗೆ ಒರಗಿ ನಿಂತಿದ್ದ, ಅವನ ತಲೆಯ ಮೇಲೆ ಬಾಬಾಸಾಹೇಬರ ಫೋಟೋ ಇತ್ತು. ಭರಮಮ್ಮ ಮಜ್ಜಿಗೆ ಮುಟ್ಟಲಿಲ್ಲ.

"ಕೆಂಚಕ್ಕ, ನಾ ನೋಡಿದ ದಿನ ಇಕಿ ಹೊಟ್ಟ್ಯಾಗ ಕೂಸು ಇತ್ತು. ಎರಡು ತಿಂಗಳದ್ದು. ನನಗ ಕಂಡಿತ್ತು. ಕಂಡೂ ಇಲ್ಲ ಅಂದೆ. ನನಗ ಒಂಬತ್ತು ಮಂದಿ ಬೇಕಾಗಿತ್ತು."

ಕೆಂಚಕ್ಕ ಭರಮಮ್ಮನ ಮುಖವನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡು ಮಗನ ಕಡೆ ತಿರು‌ಗಿದಳು.

"ಕೇಳಿದೇನೋ ಕ್ರಾಂತಿ? ದೊಡ್ಡ ಮನುಷ್ಯಾಳು ಅಂದ್ರ ಇಕಿ ನೋಡು. ಯಾರದೋ ಮಗಳ ಬಾಳು ಉಳೀಲಿ ಅಂತ ತನ್ನ ಮುಖಕ್ಕ ತಾನೇ ಮಸಿ ಬಳಕೊಳ್ಳಾಕ ಬಂದಾಳ."

ಅಲ್ಲವ್ವ, ನಾ ಹೇಳೋದು ಖರೇ ಅಂತ ಭರಮಮ್ಮ ಅಂದಳು. ಚೀಲದಿಂದ ಆಸ್ಪತ್ರೆಯ ಕಾಗದ ತೆಗೆದು ಕೂಸಿಗೆ ಎಷ್ಟು ವಾರ ಅಂತ ಬರೆದದ್ದನ್ನು ತೋರಿಸಿದಳು. ಕಾಗದ ಬರಿಯೋರು ಯಾರ್ರಿ, ನಿಮ್ಮವರೇ ಅಲ್ಲೇನು ಅಂತ ಕೆಂಚಕ್ಕ ಅದನ್ನು ಮೆಲ್ಲಗೆ ಮಡಿಚಿ ಅವಳ ಕೈಗೇ ಕೊಟ್ಟಳು. ಭರಮಮ್ಮ ಗಂಡನ ಮೇಲೆ ಆಣೆ ಮಾಡಲು ಬಾಯಿ ತೆಗೆದಾಗ ಆ ಬಾಯಿಗೆ ಕೈ ಅಡ್ಡ ಹಿಡಿದು, ಬ್ಯಾಡ್ರಿ, ಇಂಥಾಕಿ ಸಲುವಾಗಿ ದುರುಗಣ್ಣನ ಮ್ಯಾಲೆ ಸುಳ್ಳು ಆಣಿ ಯಾಕ ಅಂತ ಬೇಡಿಕೊಂಡಳು. ಆಮೇಲೆ ಲೆಕ್ಕ ಒಪ್ಪಿಸಿದಳು. ಈ ಸೊಸೆಯನ್ನೇ ನಾಲ್ಕು ವರ್ಷದಲ್ಲಿ ಒಂಬತ್ತೋ ಹತ್ತೋ ಸಲ ತೋರಿಸಿದೀನಿ, ಒಂದು ಸಲವಾದರೂ ತಪ್ಪೈತೇನ್ರಿ. ಯಾರ ಮನೆಯಲ್ಲಾದರೂ ತಪ್ಪೈತೇನ್ರಿ. ನೀವು ಸುಳ್ಳು ಹೇಳಿದ್ದನ್ನ ಯಾರಾದರೂ ಕೇಳ್ಯಾರೇನ್ರಿ.

ಭರಮಮ್ಮ ಕ್ರಾಂತಿಕುಮಾರನ ಕಡೆ ನೋಡಿದಳು. ಓದಿದ ಹುಡುಗ. ಕಾಗದ ಎರಡು ಸಲ ಓದಿ ಸಹಿ ಹಾಕಿದವನು.

"ನೀನಾರ ನಂಬಪ್ಪ. ನಾನೇ ಮಾಡೀನಿ."

ಅವನು ತಲೆ ಎತ್ತದೆ ಹೇಳಿದ.

"ನೀವು ಅಂಥಾ ಕೆಲಸ ಮಾಡೋರಲ್ಲ ಬಿಡ್ರಿ, ಅಮ್ಮಾರ."

ಹೊಸ್ತಿಲ ಹೊರಗೆ ನಿಂತಿದ್ದ ಪ್ರಿಯಾ ಅದನ್ನು ಕೇಳಿ, ತಿರುಗಿ, ಅಂಗಳ ದಾಟಿ ಹೋಗಿ ಜೀಪಿನ ಮುಂದಿನ ಸೀಟಿನಲ್ಲಿ ಕೂತಳು. ಅವಳ ಕಡೆ ಯಾರೂ ನೋಡಲಿಲ್ಲ.

ಭರಮಮ್ಮ ಎದ್ದಳು. ಕೆಂಚಕ್ಕ ಬಿಡಲಿಲ್ಲ. ನಿಮ್ಮಂಥಾಕಿ ನಮ್ಮ ಮನಿಗೆ ಬಂದು ಬರಿಗೈಲಿ ಹೋಗಬಾರದು ಅಂತ ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಬುಸದ ಖಣ, ಅರಿಶಿನಕೊಂಬು ತಂದಳು. ಉಡಿ ಒಡ್ಡ್ರಿ ಅಂದಳು. ಬ್ಯಾಡ ಅನ್ನಬೇಕು ಅಂತ ಭರಮಮ್ಮನಿಗೆ ಅನ್ನಿಸಿತು. ಆದರೆ ಗಂಡ ಬದುಕಿರುವ ಹೆಂಗಸು ತುಂಬುವ ಉಡಿಯನ್ನು ಒಲ್ಲೆ ಅಂದದ್ದನ್ನು ಅವಳು ಅರವತ್ತು ವರ್ಷ ದಾಟಿದರೂ ಎಲ್ಲೂ ಕಂಡಿರಲಿಲ್ಲ. ಕೈ ತನ್ನಷ್ಟಕ್ಕೆ ಸೆರಗು ಒಡ್ಡಿತು. ಕೆಂಚಕ್ಕ ಐದು ಸಲ ಬೊಗಸೆ ತುಂಬಿ ಹಾಕಿ, ಬಗ್ಗಿ ಕಾಲು ಮುಟ್ಟಿ, ಈ ಮಾತನ್ನ ನಾ ಊರಾಗೆಲ್ಲ ಹೇಳತೀನಿ ಅಂದಳು.

ಜೀಪಿನ ಹಿಂದಿನ ಸೀಟಿನಲ್ಲಿ ಭರಮಮ್ಮ ಉಡಿ ಕಟ್ಟಲು ನೋಡಿದಳು. ಗಂಟು ಬೀಳಲಿಲ್ಲ. ಎರಡೂ ಕೈಯಲ್ಲಿ ಸೆರಗಿನ ತುದಿ ಹಿಡಿದು ಕೂತಳು. ಗುಲಾಮಹುಸೇನ ಇಬ್ಬರ ಮುಖವನ್ನೂ ನೋಡಿ ಗಾಡಿ ಬಿಟ್ಟ. ಊರ ಹೊರಗಿನ ರಸ್ತೆ ತಗ್ಗು ದಿನ್ನೆ. ಕಣ್ಣೀರು ಗಲ್ಲದಿಂದ ಇಳಿದು ಕೊರಳಿಗೆ ಬಂದರೂ ಒರೆಸಿಕೊಳ್ಳಲು ಕೈ ಇರಲಿಲ್ಲ. ಕೈ ಬಿಟ್ಟರೆ ಅಕ್ಕಿ ಚೆಲ್ಲುತ್ತಿತ್ತು. ಪ್ರಿಯಾ ಒಮ್ಮೆ ಹಿಂದಕ್ಕೆ ತಿರುಗಿ ಅವಳ ಮುಖ ನೋಡಿದಳು, ಮಡಿಲು ನೋಡಿದಳು. ಕೈ ಚಾಚಲಿಲ್ಲ. ಮತ್ತೆ ರಸ್ತೆಯ ಕಡೆ ಮುಖ ಮಾಡಿದಳು.

"ಚಾಚಾ, ನಿಧಾನ ಹೋಗ್ರಿ," ಅಂದಳು. "ದೊಡ್ಡಮ್ಮನ ಉಡಿ ಚೆಲ್ಲತೈತಿ."